ಗಿರಾಕಿ ಕಳಿಸಿದ 46 ಪ್ರಶ್ನೆ: ಇದ್ರಲ್ಲಿ ಕಾನೂನು ಯಾವ್ದು, ಬರೀ ಮಾತು ಯಾವ್ದು?

ಪ್ರಶ್ನೆ: ಮೇಡಂ ನಮಸ್ಕಾರ. ನಮ್ದು ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ಜಿಂಕ್ ಪ್ಲೇಟಿಂಗ್ ಜಾಬ್‌ವರ್ಕ್ ಯೂನಿಟ್. ಅಪ್ಪ ಶುರು ಮಾಡಿದ್ದು, ಈಗ ನಾನೂ ತಮ್ಮನೂ ನೋಡ್ಕೊಳ್ತಿದೀವಿ, 22 ಜನ ಕೆಲಸಕ್ಕಿದಾರೆ. ಬೋಲ್ಟು, ಬ್ರಾಕೆಟ್ಟು, ಕ್ಲಾಂಪು ಇಂಥವಕ್ಕೆ ಪ್ಲೇಟಿಂಗ್. ಮೂರು ವರ್ಷದ ಹಿಂದೆ ಹಿಂದ್ಗಡೆ ಶೆಡ್ಡಲ್ಲಿ ಪೌಡರ್ ಕೋಟಿಂಗ್ ಕೂಡ ಹಾಕ್ಕೊಂಡ್ವಿ. ನಮಗೆ ಮೂರನೇ ಒಂದು ಭಾಗ ಕೆಲಸ ಕೊಡೋ ಗಿರಾಕಿ ಒಂದು ಆಟೋ ಪಾರ್ಟ್ಸ್ ಕಂಪನಿ, ಷೇರು ಮಾರ್ಕೆಟ್‌ನಲ್ಲಿ ಲಿಸ್ಟ್ ಆಗಿರೋದು, ಯುರೋಪಿಗೂ ಕಳಿಸ್ತಾರೆ. ಅವ್ರಿಂದ ಈಗ 46 ಪ್ರಶ್ನೆ ಇರೋ ಒಂದು ಎಕ್ಸೆಲ್ ಬಂದಿದೆ. ಇಎಸ್‌ಜಿ, ಬಿಆರ್‌ಎಸ್‌ಆರ್, ಸ್ಕೋಪ್ 1-2-3, ಇಪಿಆರ್, ಝೆಡ್‌ಎಲ್‌ಡಿ, ರೋಹ್ಸ್, ಸಿಬಿಎಎಂ, ನೆಟ್ ಝೀರೋ, ಅರ್ಧಕ್ಕರ್ಧ ಏನು ಅಂತಾನೇ ಗೊತ್ತಾಗ್ತಿಲ್ಲ. "ಸೆಬಿ ಕಡ್ಡಾಯ ಮಾಡಿದೆ, ಒಂದು ತಿಂಗಳಲ್ಲಿ ತುಂಬಿ, ಇಲ್ಲಾಂದ್ರೆ ವೆಂಡರ್ ಲಿಸ್ಟ್‌ನಿಂದ ತೆಗೀತೀವಿ" ಅಂತಿದಾರೆ. ಪರಿಚಯದ ಒಬ್ರು ಕನ್ಸಲ್ಟೆಂಟು 1 ಲಕ್ಷ 80 ಸಾವಿರ ಕೊಟ್ರೆ ಐಎಸ್‌ಒ 14001 ಮತ್ತೆ ಕಾರ್ಬನ್ ನ್ಯೂಟ್ರಲ್ ಸರ್ಟಿಫಿಕೇಟ್ ಎರಡೂ ಮಾಡಿಸ್ಕೊಡ್ತೀನಿ, ಅದಿದ್ರೆ ಎಲ್ಲಾ ಕವರ್ ಆಗುತ್ತೆ ಅಂದ್ರು. ನಮ್ಮತ್ರ ಸಿಎಫ್‌ಒ (ಯೂನಿಟ್ ನಡೆಸೋಕೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡೋ ಅನುಮತಿ) ಇದೆ, 2027ರ ತನಕ ವ್ಯಾಲಿಡ್. ಅಷ್ಟು ಸಾಲದಾ? ದುಡ್ಡು ಕೊಟ್ಟು ಮುಗಿಸ್ಬಿಡ್ಲಾ?

ಉತ್ತರ: ನಮಸ್ಕಾರ. ನೀವು ಡ್ರಾಫ್ಟ್ ಉತ್ತರ ತುಂಬಿರೋ ಎಕ್ಸೆಲ್ ಕೂಡ ಜೊತೆಗೆ ಕಳಿಸಿದ್ದು ಒಳ್ಳೇದಾಯ್ತು, ಪೂರ್ತಿ ಓದಿದೆ. ದುಡ್ಡು ಈಗ್ಲೇ ಕೊಡ್ಬೇಡಿ. ಸಿಎಫ್‌ಒ ಇದ್ರೆ ಸಾಲದಾ ಅಂತ ಕೇಳಿದೀರಲ್ಲ, ಆ ಸಿಎಫ್‌ಒ ಬಗ್ಗೆನೇ ನನಗೆ ಒಂದು ಅನುಮಾನ ಇದೆ, ಅದಕ್ಕೆ ಆಮೇಲೆ ಬರ್ತೀನಿ, ಯಾಕಂದ್ರೆ ಈ ಪತ್ರದಲ್ಲಿ ನೀವು ಹೆದರಿರೋದು ಒಂದಕ್ಕೆ, ನಿಜವಾಗ್ಲೂ ಹೆದರ್ಬೇಕಾಗಿರೋದು ಇನ್ನೊಂದಕ್ಕೆ.

ಮೊದ್ಲು ಈ ಪದಗಳ ಗೋಜಲು ಬಿಡಿಸೋಣ. ಇಂಥಾ ಪಟ್ಟಿ ಬಂದಾಗ ನಾನು ಮಾಡೋದು ಇಷ್ಟೇ, ಪ್ರಿಂಟ್ ತೆಗೆದು ಮೂರು ಬಣ್ಣದ ಪೆನ್ ಹಿಡ್ಕೊಂಡು ಕೂರ್ತೀನಿ. ಸರ್ಕಾರ ಕೇಳೋದಕ್ಕೆಲ್ಲ ಕೆಂಪು, ಗಿರಾಕಿ ಕೇಳೋದಕ್ಕೆ ನೀಲಿ, ನಾವೇ ನಮ್ಮ ಬಗ್ಗೆ ಹೇಳ್ಕೊಳ್ಳೋದಕ್ಕೆ ಹಸಿರು. ಕೆಂಪು ತಪ್ಪಿದ್ರೆ ನೋಟಿಸು, ದಂಡ, ಬೀಗ. ನೀಲಿ ತಪ್ಪಿದ್ರೆ ಆರ್ಡರ್ ಹೋಗ್ಬಹುದು, ಜೈಲೇನಿಲ್ಲ. ಹಸಿರು ಹೇಳದೇ ಇದ್ರೆ ಏನೂ ಆಗಲ್ಲ, ಸುಳ್ಳು ಹೇಳಿದ್ರೆ ಮಾತ್ರ ತೊಂದರೆ. ನಿಮ್ಮ 46ರಲ್ಲಿ ನನಗೆ 17 ಕೆಂಪು, 23 ನೀಲಿ, 6 ಹಸಿರು ಸಿಕ್ಕಿದ್ವು. ಕನ್ಸಲ್ಟೆಂಟ್ ಹೇಳಿರೋ ಪ್ಯಾಕೇಜ್ ಇದೆಯಲ್ಲ, ಅದು ಒಂದು ನೀಲಿ ಒಂದು ಹಸಿರು, ಅಷ್ಟೇ. ಆ 17ನ್ನ ಅದು ಮುಟ್ಟೋದೂ ಇಲ್ಲ.

ಸೆಬಿ, ಅಂದ್ರೆ ಷೇರು ಮಾರುಕಟ್ಟೆ ನಿಯಂತ್ರಕರ ವಿಷ್ಯ. ಬಿಆರ್‌ಎಸ್‌ಆರ್ ಅಂದ್ರೆ ಲಿಸ್ಟ್ ಆಗಿರೋ ಕಂಪನಿಗಳು ಪ್ರತಿ ವರ್ಷ ಪರಿಸರ, ಕಾರ್ಮಿಕರು, ಆಡಳಿತ ಇವುಗಳ ಬಗ್ಗೆ ಕೊಡ್ಬೇಕಾದ ವರದಿ. 2021ರ ಮೇನಲ್ಲಿ ಸೆಬಿ ತಂದಿದ್ದು, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಕಂಪನಿಗಳಿಗೆ 2022-23ನೇ ಸಾಲಿಂದ ಕಡ್ಡಾಯ. ಸೆಬಿ ನಿಯಮ ಬೀಳೋದು ನಿಮ್ಮ ಗಿರಾಕಿ ಮೇಲೆ, ನಿಮ್ಮ ಮೇಲಲ್ಲ, ನಿಮ್ಮ ಯೂನಿಟ್‌ಗೂ ಸೆಬಿಗೂ ಯಾವ ಸಂಬಂಧಾನೂ ಇಲ್ಲ. ಸಪ್ಲೈಯರ್‌ಗಳ ಲೆಕ್ಕಾನೂ ಕೊಡಿ ಅನ್ನೋ ಭಾಗ ಒಂದಿದೆ, ಅದ್ರಲ್ಲೂ ಗಿರಾಕಿ ಖರೀದಿಯಲ್ಲಿ ಒಬ್ಬೊಬ್ರೇ 2 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇರೋ ಪಾರ್ಟ್ನರ್‌ಗಳದ್ದು ಮಾತ್ರ, ಅದನ್ನೂ 2024ರ ಡಿಸೆಂಬರ್‌ನಲ್ಲಿ ಸೆಬಿ ಸಡಿಲ ಮಾಡಿ 2025-26ರಿಂದ ಸ್ವಯಂಪ್ರೇರಿತ ಅಂತ ಮಾಡ್ತು. ಅಷ್ಟು ದೊಡ್ಡ ಕಂಪನಿಯ ಒಟ್ಟು ಖರೀದಿಯಲ್ಲಿ ನಿಮ್ಮ ಪ್ಲೇಟಿಂಗ್ ಬಿಲ್ಲು 2 ಪರ್ಸೆಂಟ್ ಇರೋದು ನಂಗಂತೂ ಅನುಮಾನ. ಹಾಗಂತ "ಸೆಬಿ ನಮಗೆ ಅನ್ವಯಿಸಲ್ಲ" ಅಂತ ವಾಪಸ್ ಮೇಲ್ ಹಾಕಿ ಗೆದ್ದೆ ಅಂದ್ಕೋಬೇಡಿ. ಗಿರಾಕಿಗೆ ಕೇಳೋ ಹಕ್ಕಿದೆ, ಉತ್ತರ ಕೊಡೋರ ಹತ್ರಾನೇ ಕೆಲಸ ಕೊಡ್ತೀನಿ ಅನ್ನೋ ಹಕ್ಕೂ ಇದೆ. ಇದು ವ್ಯಾಪಾರ, ಕಾನೂನಲ್ಲ, ಅಷ್ಟು ತಿಳ್ಕೊಂಡ್ರೆ ಗಡುವಿನ ಬಗ್ಗೆ ಮಾತಾಡೋಕೆ ಧೈರ್ಯ ಬರುತ್ತೆ. ನನ್ನ ಅನುಭವದಲ್ಲಿ ಪರ್ಚೇಸ್ ಡಿಪಾರ್ಟ್‌ಮೆಂಟ್‌ನವ್ರಿಗೂ ಅರ್ಧ ಪ್ರಶ್ನೆ ಅರ್ಥ ಆಗಿರಲ್ಲ, ಮೇಲಿಂದ ಬಂದಿದ್ದನ್ನ ಎಲ್ಲಾ ವೆಂಡರ್‌ಗೂ ಫಾರ್ವರ್ಡ್ ಮಾಡಿರ್ತಾರೆ, ಗಮ್ ಟೇಪ್ ಸಪ್ಲೈ ಮಾಡೋರಿಗೂ ಇದೇ ಎಕ್ಸೆಲ್ ಹೋಗಿರುತ್ತೆ.

ಇಎಸ್‌ಜಿ ಅನ್ನೋದು ಒಂದು ಸರ್ಟಿಫಿಕೇಟ್ ಅಲ್ಲ, ಪರಿಸರ, ಸಮಾಜ, ಆಡಳಿತ ಈ ಮೂರನ್ನೂ ಸೇರಿಸಿ ಕರೆಯೋ ಹೆಸರು, ಅಷ್ಟೇ. ನಿಮ್ಮ ಎಕ್ಸೆಲ್‌ನಲ್ಲಿ ಇಎಸ್ಐ, ಪಿಎಫ್, ಬಾಲಕಾರ್ಮಿಕರು ಇಲ್ಲ ಅನ್ನೋ ಡಿಕ್ಲರೇಷನ್ ಎಲ್ಲಾ ಕೇಳಿರೋದು ಆ ಮಧ್ಯದ ಎಸ್‌ಗೆ, ಅಂದ್ರೆ ಸಮಾಜದ ಭಾಗಕ್ಕೆ. ನಿಮ್ಮತ್ರ ಇರೋ ಚಲನ್‌ಗಳೇ ಸಾಕು.

ಇನ್ನು ಸ್ಕೋಪ್ 1, 2, 3, ಅಂದ್ರೆ ನಿಮ್ಮ ಕೆಲಸದಿಂದ ಗಾಳಿಗೆ ಸೇರೋ ಕಾರ್ಬನ್ನನ್ನ ಮೂರು ಭಾಗ ಮಾಡಿ ಲೆಕ್ಕ ಹಾಕೋದು. ಇದಕ್ಕೆ ಜನ ಸುಮ್ಮನೆ ಹೆದರ್ತಾರೆ, ನಿಜ ಹೇಳ್ಬೇಕಂದ್ರೆ 46ರಲ್ಲಿ ಅತಿ ಸುಲಭ ಇದೇ. ನಿಮ್ಮ ಕಾಂಪೌಂಡ್ ಒಳಗೆ ನೀವೇ ಉರಿಸೋದು ಸ್ಕೋಪ್ 1: ಜನರೇಟರ್ ಡೀಸೆಲ್, ಓವನ್ನಿನ ಗ್ಯಾಸು, ನಿಮ್ಮದೇ ಟೆಂಪೋ ಇದ್ರೆ ಅದರ ಡೀಸೆಲ್. ಬೆಸ್ಕಾಂ ಕರೆಂಟು ಸ್ಕೋಪ್ 2. ಮಿಕ್ಕಿದ್ದೆಲ್ಲ ಸ್ಕೋಪ್ 3, ಅಂದ್ರೆ ನೀವು ತರಿಸೋ ಜಿಂಕ್, ಕೆಮಿಕಲ್ಲು, ಬಾಡಿಗೆ ಗಾಡಿ, ಸ್ಲಡ್ಜ್ (ಕೊಳೆ ನೀರು ಶುದ್ಧ ಮಾಡಿದ್ಮೇಲೆ ಉಳಿಯೋ ಕೆಸರು) ಸಾಗಣೆ ಹೀಗೆ, ಅದ್ರಲ್ಲಿ 15 ವಿಭಾಗ ಮಾಡಿದಾರೆ. ನಿಮ್ಮ ಸ್ಕೋಪ್ 1 ಮತ್ತು 2ರಲ್ಲಿ ಅವ್ರ ಕೆಲಸಕ್ಕೆ ಎಷ್ಟು ಪಾಲು ಹೋಯ್ತೋ ಅದು ಗಿರಾಕಿಯ ಸ್ಕೋಪ್ 3 ಲೆಕ್ಕಕ್ಕೆ ಸೇರುತ್ತೆ. ಅವ್ರು ನಿಮ್ಮನ್ನ ಕೇಳ್ತಿರೋದು ಅದಕ್ಕೇ. ನಿಮ್ಮ ಸ್ಕೋಪ್ 3 ಈಗ ಕೊಡ್ಬೇಕಾಗಿಲ್ಲ, "ಲೆಕ್ಕ ಹಾಕಿಲ್ಲ" ಅಂತ ಬರೆದ್ರೆ ಸಾಕು.

ನೀವು ಕೊಟ್ಟಿರೋ ಅಂಕಿಯಲ್ಲೇ ಹಾಕಿ ತೋರಿಸ್ತೀನಿ. ತಿಂಗಳಿಗೆ ಕರೆಂಟು 14,000 ಯೂನಿಟ್, ಡೀಸೆಲ್ 180 ಲೀಟರ್, 19 ಕೆಜಿ ಸಿಲಿಂಡರ್ 12 ಅಂದಿದೀರ. ಕೇಂದ್ರ ವಿದ್ಯುತ್ ಪ್ರಾಧಿಕಾರ ನಮ್ಮ ಗ್ರಿಡ್‌ಗೆ ಒಂದು ಅಂಕಿ ಪ್ರಕಟಿಸುತ್ತೆ, ಈಚಿನ ವರ್ಷಗಳಲ್ಲಿ ಯೂನಿಟ್‌ಗೆ ಸುಮಾರು 0.72 ಕೆಜಿ ಕಾರ್ಬನ್ ಡೈಆಕ್ಸೈಡ್. ವರ್ಷಕ್ಕೆ 1,68,000 ಯೂನಿಟ್ ಅಂದ್ರೆ 121 ಟನ್. ಡೀಸೆಲ್ ಲೀಟರ್‌ಗೆ 2.68 ಕೆಜಿ, ವರ್ಷಕ್ಕೆ 2160 ಲೀಟರ್, ಸುಮಾರು 5.8 ಟನ್. ಎಲ್‌ಪಿಜಿ ಕೆಜಿಗೆ ಹೆಚ್ಚುಕಮ್ಮಿ 3 ಕೆಜಿ, ವರ್ಷಕ್ಕೆ 2736 ಕೆಜಿ ಗ್ಯಾಸು, 8.2 ಟನ್. ಒಟ್ಟು 135 ಟನ್. ಅದ್ರಲ್ಲಿ ಸ್ಕೋಪ್ 1 ಹದಿನಾಲ್ಕೇ ಟನ್ನು, ಉಳಿದಿದ್ದೆಲ್ಲ ಬೆಸ್ಕಾಂ ಬಿಲ್ಲು. ಆ ಗಿರಾಕಿಯ ಕೆಲಸ ಮೂರನೇ ಒಂದು ಭಾಗ ಅಂದ್ರೆ ಅವ್ರ ಪಾಲಿಗೆ 45 ಟನ್. ಮುಗೀತು, ಇಷ್ಟೇ. ಇದಕ್ಕೆ ಲಕ್ಷ ರೂಪಾಯಿ ಯಾರಿಗೂ ಕೊಡ್ಬೇಕಾಗಿಲ್ಲ, ನಿಮ್ಮ ಅಕೌಂಟೆಂಟ್ ಒಂದು ಮಧ್ಯಾಹ್ನದಲ್ಲಿ ಮಾಡ್ತಾರೆ. ಆದ್ರೆ ಬಿಲ್ಲುಗಳನ್ನ ಜೋಪಾನವಾಗಿ ಇಡಿ, ಮುಂದಿನ ವರ್ಷ ಯಾರಾದ್ರೂ ಬಂದು ಈ 121 ಎಲ್ಲಿಂದ ಬಂತು ಅಂತ ಕೇಳಿದ್ರೆ ತೋರಿಸ್ಬೇಕಲ್ಲ. ಇನ್ನೊಂದು, ಕಾರ್ಬನ್ ಕಡಿಮೆ ಮಾಡಿ ಅಂತ ಗಿರಾಕಿ ಹೇಳಿದಾಗ ಜನ ಮೊದ್ಲು ಜನರೇಟರ್ ಮೇಲೆ ಕಣ್ಣು ಹಾಕ್ತಾರೆ, ನಿಮ್ಮ ಲೆಕ್ಕ ನೋಡಿದ್ರೆ ಜನರೇಟರ್ ಪೂರ್ತಿ ನಿಲ್ಲಿಸಿದ್ರೂ 6 ಟನ್ ಕೂಡ ಕಮ್ಮಿ ಆಗಲ್ಲ. ರೆಕ್ಟಿಫೈಯರ್ (ಟ್ಯಾಂಕಿಗೆ ಡಿಸಿ ಕರೆಂಟ್ ಕೊಡೋ ಯಂತ್ರ) ಹಳೇದಾಗಿದ್ರೆ, ಟ್ಯಾಂಕ್ ಹೀಟರ್‌ಗೆ ಮುಚ್ಚಳ ಇಲ್ದಿದ್ರೆ, ಶೀಟ್ ಮೇಲೆ ಸೋಲಾರ್ ಹಾಕೋಕೆ ಜಾಗ ಇದ್ರೆ ನೋಡ್ಬೇಕಾಗಿರೋದು ಅಲ್ಲಿ.

ಸಿಬಿಎಎಂ ಅಂದ್ರೆ ಯುರೋಪಿನ ಗಡಿಯಲ್ಲಿ ಹಾಕೋ ಕಾರ್ಬನ್ ಸುಂಕ. 2023ರ ಅಕ್ಟೋಬರ್‌ನಿಂದ ಬರೀ ವರದಿ ಕೇಳ್ತಿದ್ರು, 2026ರ ಜನವರಿಯಿಂದ ದುಡ್ಡಿನ ಲೆಕ್ಕಾನೂ ಶುರು. ಕಬ್ಬಿಣ-ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ಹೈಡ್ರೋಜನ್, ವಿದ್ಯುತ್ ಇವಕ್ಕೆ. ಪ್ಲೇಟಿಂಗ್‌ನವ್ರಿಗೆ ಯಾಕೆ ಕೇಳ್ತಾರೆ ಅಂದ್ರೆ ಉಕ್ಕಿನ ಪಟ್ಟಿಯಲ್ಲಿ ಬೋಲ್ಟು, ಸ್ಕ್ರೂ, ನಟ್ಟು ಕೂಡ ಸೇರಿವೆ. ಸುಂಕ ಕಟ್ಟೋದು ಅಲ್ಲಿ ಆಮದು ಮಾಡ್ಕೊಳ್ಳೋನು, ವರ್ಷಕ್ಕೆ 50 ಟನ್ನಿಗಿಂತ ಕಮ್ಮಿ ತರಿಸೋರಿಗೆ ವಿನಾಯಿತಿನೂ ಇದೆ. ಬೋಲ್ಟಿನ ಕಾರ್ಬನ್‌ನಲ್ಲಿ ಮುಕ್ಕಾಲು ಪಾಲು ಉಕ್ಕು ಕರಗಿಸಿದ ಕಡೆನೇ ಆಗಿರುತ್ತೆ, ನಿಮ್ಮದು ಚೂರು. ಮೇಲಿನ 135ರ ಲೆಕ್ಕಾನೇ ಟನ್ ಮಾಲಿಗೆ ಇಷ್ಟು ಅಂತ ಭಾಗ ಮಾಡಿ ಕೊಡಿ.

ರೋಹ್ಸ್ ಮಾತ್ರ ತಮಾಷೆ ವಿಷ್ಯ ಅಲ್ಲ, ಯಾಕಂದ್ರೆ ಇದು ನಿಮ್ಮ ಟ್ಯಾಂಕ್ ಒಳಗೇ ಕೂತಿದೆ. ಅಪಾಯಕಾರಿ ವಸ್ತುಗಳಿಗೆ ಮಿತಿ ಹಾಕೋ ಯುರೋಪಿನ ನಿಯಮ, ಎಲೆಕ್ಟ್ರಾನಿಕ್ ಸಾಮಾನಿಗೆ ಅದು, ವಾಹನಗಳಿಗೆ ಇಎಲ್‌ವಿ ಅಂತ ಅದರದ್ದೇ ಅಣ್ಣ ಒಂದಿದೆ. ಎರಡೂ ಹೆಕ್ಸಾವೇಲೆಂಟ್ ಕ್ರೋಮಿಯಂನ, ಅಂದ್ರೆ ಕ್ರೋಮಿಯಂನ ವಿಷಕಾರಿ ರೂಪನ, 0.1 ಪರ್ಸೆಂಟ್‌ಗೆ ಮಿತಿ ಹಾಕಿವೆ. ಅಪ್ಪನ ಕಾಲದ ಯೆಲ್ಲೋ ಪ್ಯಾಸಿವೇಷನ್ (ಜಿಂಕ್ ಮೇಲೆ ಕೊಡೋ ಹಳದಿ ರಕ್ಷಣಾ ಪದರ) ಇದೆಯಲ್ಲ, ಆ ಚಿನ್ನದ ಬಣ್ಣದ ಕಾಮನಬಿಲ್ಲು, ಅದು ಹೆಕ್ಸಾವೇಲೆಂಟ್. ಈಗ ಅಷ್ಟು ವಿಷ ಇಲ್ಲದ ಟ್ರೈವೇಲೆಂಟ್ ಕ್ರೋಮಿಯಂಗೆ ಬದಲಾಗಿದೀರ ಅಂದ್ಕೊಳ್ತೀನಿ, ಪತ್ರದಲ್ಲಿ ಬರೆದಿಲ್ಲ. ಬಣ್ಣ ನೋಡಿ ತೀರ್ಮಾನ ಮಾಡ್ಬೇಡಿ, ಟ್ರೈವೇಲೆಂಟ್‌ನಲ್ಲೂ ಹಳದಿ ಡೈ ಹಾಕೋದಿದೆ. ಕೆಮಿಕಲ್ ಸಪ್ಲೈಯರ್ ಕೊಡೋ ಕಾಗದ ಒಂದು, ಪ್ಲೇಟ್ ಆದ ಪೀಸನ್ನೇ ಲ್ಯಾಬಿಗೆ ಕೊಟ್ಟು ಮಾಡ್ಸಿದ ಟೆಸ್ಟ್ ಇನ್ನೊಂದು, ಗಿರಾಕಿಗೆ ಬೇಕಾಗಿರೋದು ಎರಡನೇದು. ಒಂದೇ ಯೂನಿಟ್ಟಲ್ಲಿ ಲೋಕಲ್ ಗಿರಾಕಿಗೆ ಹೆಕ್ಸಾ, ಎಕ್ಸ್‌ಪೋರ್ಟ್‌ಗೆ ಟ್ರೈ ಅಂತ ಎರಡು ಟ್ಯಾಂಕ್ ಇಟ್ಕೊಂಡಿರೋರು ಇದಾರೆ, ಜಾಲರಿ ಬುಟ್ಟಿ ಅದಲುಬದಲಾಗಿ ಒಂದು ಲಾಟ್ ಪೂರ್ತಿ ರಿಜೆಕ್ಟ್ ಆಗಿದ್ದನ್ನ ನಾನೇ ನೋಡಿದೀನಿ. ಡಿಕ್ಲರೇಷನ್‌ಗೆ ಸೈನ್ ಹಾಕೋ ಮೊದ್ಲು ಟೆಸ್ಟ್ ಮಾಡ್ಸಿ.

ಇಪಿಆರ್, ಉತ್ಪಾದಕರ ಹೊಣೆ. ಸಾಮಾನನ್ನ ಮಾರುಕಟ್ಟೆಗೆ ಬಿಟ್ಟೋನೇ ಅದರ ಕಸಕ್ಕೂ ಜವಾಬ್ದಾರ ಅನ್ನೋ ನಿಯಮ. ಪ್ಲಾಸ್ಟಿಕ್ ಪ್ಯಾಕಿಂಗು, ಇ-ವೇಸ್ಟು, ಬ್ಯಾಟರಿ, ಟೈರು, ಬಳಸಿದ ಎಣ್ಣೆ ಹೀಗೆ ಒಂದೊಂದಕ್ಕೂ ಒಂದೊಂದು. ಬ್ರ್ಯಾಂಡ್ ಮಾಲೀಕ, ಉತ್ಪಾದಕ, ಆಮದುದಾರ ಇವ್ರಿಗೆ ಬರುತ್ತೆ. ನೀವು ಬೇರೆಯವರ ಬೋಲ್ಟಿಗೆ ಜಿಂಕ್ ಬಳಿದು ಅವರ ಕ್ರೇಟಲ್ಲೇ ವಾಪಸ್ ಕಳಿಸ್ತೀರ, ನಿಮಗೆ ಇಪಿಆರ್ ರಿಜಿಸ್ಟ್ರೇಷನ್ ಬರಲ್ಲ. "ಅನ್ವಯಿಸುವುದಿಲ್ಲ, ಜಾಬ್‌ವರ್ಕ್" ಅಂತ ಬರೀರಿ. ಇಪಿಆರ್ ಸರ್ಟಿಫಿಕೇಟ್ ಮಾಡಿಸ್ಕೊಡ್ತೀವಿ ಅಂತ ಫೋನ್ ಬರುತ್ತೆ, ಎಲ್ಲರಿಗೂ ಬರುತ್ತೆ, ಕಟ್ ಮಾಡಿ. ಅದೇ ಥರ ಇಸಿ ಬಗ್ಗೆ ಒಂದು ಪ್ರಶ್ನೆ ಇದೆ, ಅಲ್ಲಿ ಕೇಳಿರೋದು ಎನ್ವಿರಾನ್ಮೆಂಟಲ್ ಕ್ಲಿಯರೆನ್ಸ್, ಗಣಿ, ಸಿಮೆಂಟ್ ಕಾರ್ಖಾನೆ, 20,000 ಚದರ ಮೀಟರ್ ಮೇಲಿನ ಕಟ್ಟಡ ಇಂಥವಕ್ಕೆ 2006ರ ಅಧಿಸೂಚನೆ ಪ್ರಕಾರ ಬೇಕಾಗೋದು. ಜಾಬ್‌ವರ್ಕ್ ಪ್ಲೇಟಿಂಗ್‌ಗೆ ಅಲ್ಲ. ಇನ್ನೊಂದು ಇಸಿ ಇದೆ, ಎನ್ವಿರಾನ್ಮೆಂಟಲ್ ಕಾಂಪೆನ್ಸೇಷನ್, ಅದು ಪರಿಹಾರದ ದಂಡ, ಆ ಇಸಿ ನಿಮಗೆ ಬರಬಾರದು ಅಂತಾನೇ ಇಷ್ಟುದ್ದ ಬರೀತಿರೋದು.

ಈಗ ಸಿಎಫ್‌ಒ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಡೋ ಕನ್ಸೆಂಟಲ್ಲಿ (ಅನುಮತಿಯಲ್ಲಿ) ಎರಡು ಹಂತ ಅಂತ ನಿಮಗೆ ಗೊತ್ತೇ ಇದೆ, ಕಟ್ಟೋ ಮೊದ್ಲು ಸಿಎಫ್‌ಇ, ನಡೆಸೋ ಮೊದ್ಲು ಸಿಎಫ್‌ಒ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ ಎರಡರ ಕೆಳಗೂ. ಕೈಗಾರಿಕೆಗಳನ್ನ ಕೆಂಪು, ಕಿತ್ತಳೆ, ಹಸಿರು, ಬಿಳಿ ಅಂತ ಮಾಲಿನ್ಯದ ಅಂಕದ ಮೇಲೆ ಭಾಗ ಮಾಡಿದಾರೆ, 2025ರಲ್ಲಿ ನೀಲಿ ಅಂತ ಇನ್ನೊಂದು ಬಂತು, ಪ್ಲೇಟಿಂಗ್ ಮೊದಲಿಂದ್ಲೂ ಕೆಂಪು, ಅಂದ್ರೆ ಮಾಲಿನ್ಯ ಅತಿ ಜಾಸ್ತಿ ಇರೋ ವರ್ಗ (ನನ್ನ ಪೆನ್ನಿನ ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ). ಜನ ಏನು ಮಾಡ್ತಾರೆ ಅಂದ್ರೆ ಆರ್ಡರ್ ಬಂದ ದಿನ ವ್ಯಾಲಿಡಿಟಿ ದಿನಾಂಕ ನೋಡಿ, ಫ್ರೇಮ್ ಹಾಕ್ಸಿ, ದೇವರ ಫೋಟೋ ಪಕ್ಕ ತಗಲಾಕ್ತಾರೆ. ಒಳಗಿನ ಪುಟ ಓದೋದೇ ಇಲ್ಲ. ಅದ್ರಲ್ಲಿ ಯಾವ ಪ್ರಾಡಕ್ಟ್, ತಿಂಗಳಿಗೆ ಎಷ್ಟು, ನೀರು ಎಷ್ಟು, ಎಫ್ಲುಯೆಂಟ್ (ಹೊರಬೀಳೋ ಕೊಳೆ ನೀರು) ಎಷ್ಟು, ಅದು ಎಲ್ಲಿಗೆ ಹೋಗ್ಬೇಕು, ಜನರೇಟರ್ ಎಷ್ಟು ಕೆವಿಎ, ಚಿಮಣಿ ಎತ್ತರ ಎಷ್ಟು, ಎಲ್ಲಾ ಬರೆದಿರುತ್ತೆ. ಸಿಎಫ್‌ಒ ಇದೆ ಅಂದ್ರೆ ಆ ಪುಟದಲ್ಲಿ ಇರೋದಕ್ಕೆ ಮಾತ್ರ ಅನುಮತಿ ಇದೆ ಅಂತ.

ನೀವು ಸುಮ್ನೆ ದಾಟಿಸಿಬಿಟ್ರಲ್ಲ, "ಮೂರು ವರ್ಷದ ಹಿಂದೆ ಹಿಂದ್ಗಡೆ ಶೆಡ್ಡಲ್ಲಿ ಪೌಡರ್ ಕೋಟಿಂಗ್ ಕೂಡ ಹಾಕ್ಕೊಂಡ್ವಿ" ಅಂತ, ನಾನು ನಿಂತಿದ್ದು ಆ ಸಾಲಲ್ಲಿ. ನಿಮ್ಮ ಸಿಎಫ್‌ಒ ಅದಕ್ಕಿಂತ ಹಳೇದು ಅನ್ಸುತ್ತೆ. ಪೌಡರ್ ಕೋಟಿಂಗ್ ಅಂದ್ರೆ ಬರೀ ಬೂತು ಓವನ್ನು ಅಲ್ಲ, ಅದರ ಮುಂದೆ ಎಣ್ಣೆ, ತುಕ್ಕು ತೆಗೆದು ಪೀಸನ್ನ ಸಿದ್ಧ ಮಾಡೋ ಡಿಗ್ರೀಸಿಂಗು, ಪಿಕ್ಲಿಂಗು, ಫಾಸ್ಫೇಟಿಂಗ್ ಟ್ಯಾಂಕುಗಳ ಸಾಲು ಇರುತ್ತೆ, ಅದರಿಂದ ಹೊಸ ತೊಳೆದ ನೀರು, ಹೊಸ ಸ್ಲಡ್ಜು. ಇದು ಹಳೇ ಆರ್ಡರ್‌ನಲ್ಲಿ ಇಲ್ದೇ ಇದ್ರೆ ಆ ಶೆಡ್ಡು ಅನುಮತಿ ಇಲ್ದೇ ನಡೀತಿದೆ ಅಂತಾನೇ ಅರ್ಥ, 2027ರ ತನಕ ವ್ಯಾಲಿಡ್ ಇದ್ರೂ ಸಹ. ಅದಕ್ಕೆ ವಿಸ್ತರಣೆಯ ಸಿಎಫ್‌ಇ, ಆಮೇಲೆ ಹೊಸ ಸಿಎಫ್‌ಒ ಆಗ್ಬೇಕಿತ್ತು. ಸಿಎಫ್‌ಒ ಅಪ್ಪನ ಹೆಸರಲ್ಲಿದ್ದು ಈಗ ಪಾರ್ಟ್ನರ್‌ಶಿಪ್ ಆಗಿದ್ರೆ ಅದೂ ಬದಲಾಗ್ಬೇಕು.

ಇದು ಗಿರಾಕಿಯ ಎಕ್ಸೆಲ್‌ಗೆ ಹೇಗೆ ತಗಲಾಕ್ಕೊಳ್ಳುತ್ತೆ ನೋಡಿ. ಪ್ರಶ್ನೆ 9ರಲ್ಲಿ ಎಲ್ಲಾ ಪ್ರೋಸೆಸ್ ಬರೀರಿ ಅಂದಿದಾರೆ, 11ರಲ್ಲಿ ಸಿಎಫ್‌ಒ ಕಾಪಿ ಅಪ್‌ಲೋಡ್ ಮಾಡಿ ಅಂದಿದಾರೆ. ಒಂದರಲ್ಲಿ ಪೌಡರ್ ಕೋಟಿಂಗ್ ಇರುತ್ತೆ, ಇನ್ನೊಂದರಲ್ಲಿ ಇರಲ್ಲ. ಆಡಿಟರ್‌ಗಳು ಮಾಡೋದೇ ಈ ಕೆಲಸ, ಎರಡು ಕಾಗದ ಪಕ್ಕಪಕ್ಕ ಇಡೋದು. ನೀರಿನ ಬಿಲ್ಲಿಗೂ ಸಿಎಫ್‌ಒಗೂ, ಸ್ಲಡ್ಜ್ ಮ್ಯಾನಿಫೆಸ್ಟ್‌ಗೂ (ಕಳಿಸುವಾಗ ಬರೆಯೋ ಚೀಟಿ) ವರ್ಷದ ತ್ಯಾಜ್ಯ ಲೆಕ್ಕದ ಫಾರ್ಮ್ 4ಕ್ಕೂ, ಕೊಂಡ ಜಿಂಕ್‌ಗೂ ಹೇಳಿರೋ ಪ್ರೊಡಕ್ಷನ್‌ಗೂ ತಾಳೆ ನೋಡ್ತಾರೆ. ಹತ್ತೊಂಬತ್ತು ವರ್ಷದಲ್ಲಿ ನಾನು ನೋಡಿರೋ ಹಾಗೆ ಯೂನಿಟ್‌ಗಳು ಸಿಕ್ಕಿಬೀಳೋದು ಮಾಲಿನ್ಯ ಮಾಡಿದ್ದಕ್ಕಿಂತ ಜಾಸ್ತಿ ತಮ್ಮದೇ ಎರಡು ಕಾಗದ ಒಂದಕ್ಕೊಂದು ತಾಳೆ ಆಗದೇ ಇರೋದಕ್ಕೆ.

ದಂಡ ಎಷ್ಟಾಗ್ಬಹುದು ಅಂತ ಸುಮ್ನೆ ಹೆದರಿಸಲ್ಲ, ಲೆಕ್ಕ ಹೇಳ್ತೀನಿ. ಆ ಪರಿಹಾರದ ದಂಡಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರ ಒಂದಿದೆ: ಮಾಲಿನ್ಯದ ಅಂಕ, ಉಲ್ಲಂಘನೆಯ ದಿನಗಳು, ಒಂದು ರೂಪಾಯಿ ದರ, ಉದ್ಯಮದ ಗಾತ್ರ, ಊರಿನ ಜನಸಂಖ್ಯೆ, ಈ ಐದನ್ನೂ ಗುಣಿಸೋದು. ಕೆಂಪು ವರ್ಗಕ್ಕೆ ಅಂಕ 80, ದರ ಸಾಮಾನ್ಯವಾಗಿ 250, ಸಣ್ಣ ಉದ್ಯಮಕ್ಕೆ 0.5, ಬೆಂಗಳೂರಿಗೆ 2011ರ ಜನಗಣತಿ ಹಿಡಿದ್ರೆ 1.5. ದಿನಕ್ಕೆ 15,000 ರೂಪಾಯಿ ಆಯ್ತು, ಎರಡು ತಿಂಗಳಿಗೆ 9 ಲಕ್ಷ. ಏನೇ ಆದ್ರೂ ದಿನಕ್ಕೆ 5,000ಕ್ಕಿಂತ ಕಮ್ಮಿ ಇಲ್ಲ ಅಂತಾನೂ ಅದ್ರಲ್ಲಿದೆ. ಇದಲ್ದೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ 2024ರ ಏಪ್ರಿಲ್‌ನಿಂದ ಜೈಲಿನ ಬದಲು 10 ಸಾವಿರದಿಂದ 15 ಲಕ್ಷದ ತನಕ ದಂಡ ಅಂತ ಮಾಡಿದಾರೆ, ಜೈಲು ತೆಗೆದ್ರು ಅಂತ ಕೆಲವ್ರು ಖುಷಿ ಪಟ್ರು, ನಂಗೆ ಹಾಗನ್ಸಲ್ಲ, ಕೋರ್ಟಲ್ಲಿ ವರ್ಷಗಟ್ಟಲೆ ಎಳೆಯೋ ಕೇಸಿಗಿಂತ ಅಧಿಕಾರಿ ಕೂತು ಹಾಕೋ ದಂಡ ಬೇಗ ಬರುತ್ತೆ.

ಪೀಣ್ಯದಲ್ಲಿ ಮಂಡಳಿಯವ್ರು ಪ್ಲೇಟಿಂಗ್ ಅಂದ್ರೆ ಯಾಕೆ ಅಷ್ಟು ಬಿಗಿ ಅಂತ ಕೇಳ್ತಾರೆ ಕೆಲವ್ರು. ಅಲ್ಲಿನ ಬೋರ್‌ವೆಲ್ ನೀರಲ್ಲಿ ಕ್ರೋಮಿಯಂ ಸಿಕ್ಕಿರೋದು ಹಳೇ ಕಥೆ, ನೀವೂ ಕ್ಯಾನ್ ನೀರೇ ಕುಡೀತಿರ್ತೀರ. ನಮ್ಮ ಹಿಂದಿನ ತಲೆಮಾರು ಮಾಡಿದ್ದಕ್ಕೆ ನಾವು ಕಟ್ತಿರೋ ಬಡ್ಡಿ ಅದು.

ಹಾಗಾದ್ರೆ ಏನು ಮಾಡೋದು. ದಾರಿಗಳು ಮೂರಿವೆ, ಮೂರಕ್ಕೂ ಮುಳ್ಳಿದೆ. ಶೆಡ್ಡಿನ ವಿಷ್ಯ ಮುಚ್ಚಿಟ್ಟು ಪ್ಲೇಟಿಂಗ್ ಮಾತ್ರ ಬರೆದು ಕಳಿಸೋದು ಒಂದು. ಬಹಳ ಜನ ಮಾಡೋದು ಇದೇ. ಗಿರಾಕಿಯ ಆಡಿಟರ್ ಒಂದಿನ ಬಂದು ಹಿಂದ್ಗಡೆ ಬಾಗಿಲು ತೆಗೆದ್ರೆ ಅನುಮತಿ ಇಲ್ಲ ಅನ್ನೋದಕ್ಕಿಂತ ಸುಳ್ಳು ಹೇಳಿದ್ರು ಅನ್ನೋದು ದೊಡ್ಡದಾಗುತ್ತೆ, ವೆಂಡರ್ ಲಿಸ್ಟ್‌ನಿಂದ ಹೋಗೋದು ಆಗ. ಎರಡನೇದು, ಈಗ್ಲೇ ಮಂಡಳಿಗೆ ವಿಸ್ತರಣೆ ಅರ್ಜಿ ಹಾಕಿ, ಗಿರಾಕಿಗೆ "ಪೌಡರ್ ಕೋಟಿಂಗ್ ಇದೆ, ಕನ್ಸೆಂಟ್ ತಿದ್ದುಪಡಿಗೆ ಅರ್ಜಿ ಹಾಕಿದ್ದೇವೆ, ನಂಬರ್ ಇಂತಿಷ್ಟು" ಅಂತ ಬರೆಯೋದು. ಇಲ್ಲಿರೋ ಅಪಾಯ ಏನಂದ್ರೆ ಇನ್‌ಸ್ಪೆಕ್ಷನ್‌ಗೆ ಬಂದಾಗ ಆಗ್ಲೇ ನಡೀತಿರೋದು ಗೊತ್ತಾಗುತ್ತೆ, ಷೋಕಾಸ್ ನೋಟಿಸ್ ಬರ್ಬಹುದು, ದಂಡಾನೂ ಬೀಳ್ಬಹುದು, ಬರೋದೇ ಇಲ್ಲ ಅಂತ ನಾನು ಮಾತು ಕೊಡಲ್ಲ. ಮೂರನೇದು, ಅನುಮತಿ ಬರೋ ತನಕ ಶೆಡ್ ನಿಲ್ಲಿಸಿ, ಆ ಕೆಲಸನ ಅನುಮತಿ ಇರೋ ಪಕ್ಕದ ಯೂನಿಟ್‌ಗೆ ಜಾಬ್‌ವರ್ಕ್ ಕೊಡೋದು. ಮಾರ್ಜಿನ್ ಹೋಗುತ್ತೆ, ಕೆಲಸದವರು ಖಾಲಿ ಕೂರ್ತಾರೆ, ಗಿರಾಕಿ ಆ ಯೂನಿಟ್‌ಗೇ ನೇರ ಹೋಗಿಬಿಡೋ ಭಯಾನೂ ಇರುತ್ತೆ. ನನ್ನ ಕೇಳಿದ್ರೆ ಎರಡು ಮತ್ತು ಮೂರು ಸೇರಿಸಿ ಮಾಡಿ. ನಿಲ್ಲಿಸಿ ಅರ್ಜಿ ಹಾಕಿದವ್ರನ್ನ ಅಧಿಕಾರಿಗಳು ನೋಡೋ ರೀತಿನೇ ಬೇರೆ, ನಡೆಸ್ತಾ ಅರ್ಜಿ ಹಾಕಿದವ್ರನ್ನ ನೋಡೋದೇ ಬೇರೆ, ಮತ್ತೆ ಮೇಲಿನ ಸೂತ್ರದಲ್ಲಿ ದಿನಗಳ ಸಂಖ್ಯೆ ಇದೆ ಅನ್ನೋದು ಮರೀಬೇಡಿ, ನಿಲ್ಲಿಸಿದ ದಿನದಿಂದ ಅದು ಬೆಳೆಯಲ್ಲ. ಅರ್ಜಿಗೆ ಮೊದ್ಲು ನಿಮ್ಮ ಇಟಿಪಿ (ಕೊಳೆ ನೀರು ಶುದ್ಧ ಮಾಡೋ ಘಟಕ) ಹೊಸ ಹೊರೆ ತಡ್ಕೊಳ್ಳುತ್ತಾ ಅಂತ ನೋಡಿಸಿ, ಅದಕ್ಕೆ ಖರ್ಚು ಮಾಡಿ, ಸರ್ಟಿಫಿಕೇಟಿಗಲ್ಲ.

ಝೆಡ್‌ಎಲ್‌ಡಿ ಪ್ರಶ್ನೆಗೆ ನೀವು ಡ್ರಾಫ್ಟಲ್ಲಿ "ಹೌದು" ಅಂತ ಹಾಕಿದೀರ. ತೆಗೀರಿ ಅದನ್ನ. ಝೀರೋ ಲಿಕ್ವಿಡ್ ಡಿಸ್ಚಾರ್ಜ್ ಅಂದ್ರೆ ಒಂದು ತೊಟ್ಟು ಪ್ರೋಸೆಸ್ ನೀರೂ ಹೊರಗೆ ಹೋಗಲ್ಲ, ಆರ್‌ಒ ಹಾಕಿ, ಉಳಿದ ರಿಜೆಕ್ಟನ್ನ ಆವಿ ಮಾಡಿ, ಉಪ್ಪನ್ನ ಘನರೂಪದಲ್ಲಿ ತೆಗೀತೀರ ಅಂತ. ನಿಮ್ಮತ್ರ ಇರೋದು ಇಟಿಪಿ, ಟ್ರೀಟ್ ಆದ ನೀರು ಟ್ಯಾಂಕರ್‌ನಲ್ಲಿ ಸಾಮೂಹಿಕ ಘಟಕಕ್ಕೆ ಹೋಗುತ್ತೆ ಅಂದಿದೀರ. ಅದು ಕಾನೂನುಬದ್ಧವಾಗೇ ಇದೆ, ಅದ್ರಲ್ಲಿ ನಾಚಿಕೆ ಏನಿಲ್ಲ, ಆದ್ರೆ ಅದು ಝೆಡ್‌ಎಲ್‌ಡಿ ಅಲ್ಲ. ಇದ್ದಿದ್ದನ್ನ ಇದ್ದ ಹಾಗೆ ಬರೀರಿ, ಟ್ಯಾಂಕರ್ ರಸೀದಿ ಜೋಡಿಸಿ.

ಸ್ಲಡ್ಜ್. ಇದ್ರ ಬಗ್ಗೆ ಸ್ವಲ್ಪ ಹೇಳ್ಲೇಬೇಕು. ಇಟಿಪಿ ಸ್ಲಡ್ಜು, ಬಳಸಿದ ಎಣ್ಣೆ, ಕೆಮಿಕಲ್ ಖಾಲಿ ಡ್ರಮ್ಮು ಇವೆಲ್ಲ 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಬರುತ್ತೆ. ಆಥರೈಸೇಷನ್ ಬೇಕು, ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ, ಕಳಿಸುವಾಗ ಫಾರ್ಮ್ 10 ಮ್ಯಾನಿಫೆಸ್ಟ್ ಬೇಕು, ವರ್ಷದ ಲೆಕ್ಕ ಫಾರ್ಮ್ 4ರಲ್ಲಿ ಜೂನ್ 30ರ ಒಳಗೆ ಕೊಡ್ಬೇಕು. ಹೋಗ್ಬೇಕಾಗಿರೋದು ದಾಬಸ್‌ಪೇಟೆಯಂಥ ಅಧಿಕೃತ ಜಾಗಕ್ಕೆ. ಒಬ್ರು ಯೂನಿಟ್ ಮಾಲೀಕರು, ಬಹಳ ಒಳ್ಳೆ ಮನುಷ್ಯ, ಖಾಲಿ ಆಸಿಡ್ ಡ್ರಮ್ಮುಗಳನ್ನ ಗುಜರಿಯವನಿಗೆ ಒಂದಕ್ಕೆ ಇನ್ನೂರು ರೂಪಾಯಿಗೆ ಕೊಡ್ತಿದ್ರು, ಅದನ್ನ ಲೆಕ್ಕದ ಪುಸ್ತಕದಲ್ಲಿ ಪ್ರಾಮಾಣಿಕವಾಗಿ ಬರೆದೂ ಇಡ್ತಿದ್ರು. ಆಡಿಟರ್‌ಗೆ ಆ ಪುಸ್ತಕ ಸಿಕ್ತು. ಅವ್ರು ತಪ್ಪು ಅಂತಾನೇ ತಿಳ್ಕೊಂಡಿರ್ಲಿಲ್ಲ. ಡ್ರಮ್ಮು ಕೂಡ ಪಟ್ಟಿಯಲ್ಲಿದೆ, 33.1 ಅಂತ ನಂಬರು, ನೋಡ್ಕೊಳ್ಳಿ.

ಐಎಸ್‌ಒ 14001 ಕೆಟ್ಟದಲ್ಲ. ಆದ್ರೆ ಅದು ಪರಿಸರದ ಕೆಲಸನ ಹೇಗೆ ವ್ಯವಸ್ಥಿತವಾಗಿ ನಡೆಸ್ತೀರ ಅನ್ನೋದಕ್ಕೆ ಸಿಗೋ ಕಾಗದ, ಕಾನೂನು ಪಾಲಿಸಿದೀರ ಅನ್ನೋದಕ್ಕಲ್ಲ. ನೆಟ್ಟಗೆ ಆಡಿಟ್ ಮಾಡೋರಾದ್ರೆ ಮೊದ್ಲು ಕೇಳೋದೇ ನಿಮಗೆ ಅನ್ವಯಿಸೋ ಕಾನೂನುಗಳ ಪಟ್ಟಿ, ಅಲ್ಲೇ ಆ ಶೆಡ್ಡು ಹೊರಗೆ ಬರುತ್ತೆ. ಶೆಡ್ ನೋಡದೇ ಸರ್ಟಿಫಿಕೇಟ್ ಕೊಡ್ತೀನಿ ಅನ್ನೋರ ಕಾಗದಕ್ಕೆ ಬೆಲೆ ಏನು ಅಂತ ನೀವೇ ಯೋಚ್ನೆ ಮಾಡಿ. ಮಾಡಿಸೋದೇ ಆದ್ರೆ ಕನ್ಸೆಂಟ್ ಸರಿಯಾದ್ಮೇಲೆ, ಎನ್‌ಎಬಿಸಿಬಿ (ಸರ್ಟಿಫಿಕೇಟ್ ಕೊಡೋ ಸಂಸ್ಥೆಗಳಿಗೇ ಮಾನ್ಯತೆ ಕೊಡೋ ಮಂಡಳಿ) ಮಾನ್ಯತೆ ಇರೋ ಸಂಸ್ಥೆಯಿಂದ ಮಾಡ್ಸಿ. ಅದಕ್ಕಿಂತ ಮೊದ್ಲು ಕೇಂದ್ರದ ಝೆಡ್ (ಝೀರೋ ಡಿಫೆಕ್ಟ್ ಝೀರೋ ಎಫೆಕ್ಟ್) ಯೋಜನೆ ನೋಡಿ, ಎಂಎಸ್‌ಎಂಇಗಳಿಗೇ ಇರೋದು, ಬ್ರಾಂಜ್, ಸಿಲ್ವರ್, ಗೋಲ್ಡ್ ಅಂತ ಮೂರು ಹಂತ, ಖರ್ಚಿನಲ್ಲಿ ಮೈಕ್ರೋಗೆ 80, ಸಣ್ಣ ಉದ್ಯಮಕ್ಕೆ 60 ಪರ್ಸೆಂಟ್ ಸಬ್ಸಿಡಿ. ಹೆಸರಲ್ಲಿ ಝೆಡ್ ಇದೆ ಅಂತ ಝೆಡ್‌ಎಲ್‌ಡಿ ಜೊತೆ ಕಲಸ್ಕೋಬೇಡಿ.

ಕಾರ್ಬನ್ ನ್ಯೂಟ್ರಲ್ ಮತ್ತೆ ನೆಟ್ ಝೀರೋ ಒಂದೇ ಅಲ್ಲ. ನಿಮ್ಮ 135 ಟನ್ನಲ್ಲಿ ಒಂದು ಕೆಜಿನೂ ಇಳಿಸದೇ, ಬೇರೆ ಎಲ್ಲೋ ಉಳಿದ 135 ಟನ್ನಿನ ಕ್ರೆಡಿಟ್ ಕೊಂಡು ಹೊಂದಾಣಿಕೆ ಆಯ್ತು ಅಂದ್ರೂ ನ್ಯೂಟ್ರಲ್ ಅಂತ ಕರ್ಕೋತಾರೆ. ನೆಟ್ ಝೀರೋ ಅಂದ್ರೆ ಮೊದ್ಲು ನಿಜವಾಗಿ ಸುಮಾರು 90 ಪರ್ಸೆಂಟ್ ಇಳಿಸ್ಬೇಕು, ಉಳಿದ ಚೂರಿಗೆ ಮಾತ್ರ ಹೊಂದಾಣಿಕೆ. ದೇಶಾನೇ 2070ಕ್ಕೆ ಅಂತ ಗುರಿ ಇಟ್ಕೊಂಡಿದೆ, ನೀವು 2030ಕ್ಕೆ ಅಂತ ಬರೆದ್ರೆ ಯಾರು ನಂಬ್ತಾರೆ? ಸಾಕ್ಷಿ ಇಲ್ಲದ ಪರಿಸರ ಸ್ನೇಹಿ ಜಂಬಕ್ಕೆ ಗ್ರೀನ್‌ವಾಷಿಂಗ್ ಅಂತಾರೆ, ಗ್ರಾಹಕರಿಗೆ ಹಾಗೆ ಹೇಳಿ ಮಾರೋದನ್ನ ತಡೆಯೋಕೆ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿನೂ ತಂದಿದೆ. ಹಸಿರು ಪೆನ್ನಿನ ಆರೂ ಪ್ರಶ್ನೆಗೆ "ಸದ್ಯಕ್ಕೆ ಗುರಿ ಇಟ್ಟುಕೊಂಡಿಲ್ಲ, 2025-26ನ್ನು ಮೂಲ ವರ್ಷವಾಗಿ ಅಳೆಯಲು ಶುರು ಮಾಡಿದ್ದೇವೆ" ಅಂತ ಬರೀರಿ. ಇದಕ್ಕೆ ಅಂಕ ಕಮ್ಮಿ ಬರ್ಬಹುದು, ವೆಂಡರ್ ಲಿಸ್ಟ್‌ನಿಂದ ತೆಗೆದಿದ್ದನ್ನ ನಾನಂತೂ ನೋಡಿಲ್ಲ.

ಗಿರಾಕಿಗೆ ಈ ವಾರಾನೇ ಒಂದು ಮೇಲ್ ಹಾಕಿ. ಸ್ಕೋಪ್ 1-2 ಅಂಕಿ, ಇಎಸ್ಐ-ಪಿಎಫ್, ಇಪಿಆರ್ ಅನ್ವಯಿಸಲ್ಲ ಅನ್ನೋದು, ಇವನ್ನ ಈಗ ಕಳಿಸ್ತೀವಿ, ರೋಹ್ಸ್ ಟೆಸ್ಟ್‌ಗೆ ಹದಿನೈದು ದಿನ, ಕನ್ಸೆಂಟ್ ತಿದ್ದುಪಡಿಯ ಸ್ಥಿತಿ ಅರ್ಜಿ ಹಾಕಿದ ತಕ್ಷಣ, ಅಂತ. ತಿಂಗಳ ಕೊನೆ ತನಕ ಸುಮ್ನಿದ್ದು ಕೊನೇ ದಿನ ಎಲ್ಲಾದಕ್ಕೂ "ಹೌದು" ಒತ್ತೋ ವೆಂಡರ್‌ಗಳ ನಡುವೆ ಇಂಥಾ ಮೇಲ್ ಎದ್ದು ಕಾಣುತ್ತೆ.

ಸಿಎಫ್‌ಒ ಗೋಡೆಯಿಂದ ಇಳಿಸಿ ಒಳಗಿನ ಪುಟಗಳ ಫೋಟೋ ಕಳಿಸಿ, ಪೌಡರ್ ಕೋಟಿಂಗ್ ಇದೆಯೋ ಇಲ್ವೋ ಅಂತ ಹೇಳ್ತೀನಿ. ಫ್ರೇಮಲ್ಲಿ ಮೊದಲ ಪುಟ ಮಾತ್ರ ಇದ್ದು ಮಿಕ್ಕಿದ್ದು ಸಿಗ್ಲಿಲ್ಲ ಅಂದ್ರೆ ಅಪ್ಪನ್ನ ಕೇಳಿ. ಅವ್ರಿಗೂ ನೆನಪಿಲ್ಲ ಅಂದ್ರೆ ಬ್ಯಾಂಕ್ ಲೋನಿನ ಫೈಲ್ ನೋಡಿ, ಬ್ಯಾಂಕಿನವ್ರು ಪೂರ್ತಿ ಸೆಟ್ ಇಸ್ಕೊಂಡಿರ್ತಾರೆ.